ಹೆಣ ಬಿಟ್ಟು ಬರದ ಭಾವ

ನಮ್ಮ ಭಾವ ತಮ್ಮ ಹೆಣವನ್ನು ತಾವೇ ನಲವತ್ತು ಸಲವಾದರೂ ಊರಿಗೆ ತಂದಿದ್ದಾರೆ. ಉತ್ಪ್ರೇಕ್ಷೆ ಎನ್ನಬೇಡಿ, ನಾನೇ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತ ನೋಡಿದ್ದೇನೆ! ಸತ್ತವರು ತಮ್ಮನ್ನು ತಾವೇ ಹೊತ್ತು ತರುವುದು ಹೇಗೆ ಎಂದು ಕೇಳುತ್ತೀರಾ? ತಾಳಿ, ಹೇಳುತ್ತೇನೆ. ಅದಕ್ಕೆ ಮೊದಲು ಅವರು ಬೇರೆಯವರ ಹೆಣ ತರುತ್ತಿದ್ದ ಸಂಗತಿ ಹೇಳಬೇಕು, ಏಕೆಂದರೆ ಕೈ ಪಳಗಿದ್ದು ಅಲ್ಲಿಯೇ.

ಭಾವ ಎಂದರೆ ನನ್ನ ಅಕ್ಕನ ಗಂಡ. ನರಸಿಂಹರಾಜಪುರದಿಂದ ಮುಕ್ಕಾಲು ಗಂಟೆ ಬಸ್ಸಿನಲ್ಲಿ ಹೋದರೆ ಭದ್ರಾ ಹಿನ್ನೀರಿನ ದಂಡೆಯಲ್ಲಿ ಅವರ ಊರು. ಗದ್ದೆ ಇದೆ, ಎರಡು ಎಮ್ಮೆ ಇವೆ, ಎದುರು ಮಾತಾಡುವ ಹೆಂಡತಿ ಇದ್ದಾಳೆ. ಆದರೆ ಜನ ಅವರನ್ನು ಗುರುತಿಸುವುದು ಇದರಿಂದ ಅಲ್ಲ. ಸುತ್ತಿನ ಹಳ್ಳಿಯಲ್ಲಿ ಯಾರ ಉಸಿರು ನಿಂತರೂ ನೆಂಟರಿಗಿಂತ ಮೊದಲು ಭಾವನಿಗೆ ಫೋನು ಬರುತ್ತದೆ. ಚಟ್ಟಕ್ಕೆ ಬಿದಿರು ಎಷ್ಟುದ್ದ ಬೇಕು, ಹಸಿ ಸೌದೆಯ ನಡುವೆ ಒಣ ಸೌದೆ ಎಲ್ಲಿ ತುರುಕಬೇಕು, ಯಾವ ಅಳಿಯ ಹೆಗಲು ಕೊಟ್ಟ ಹಾಗೆ ಮಾಡಿ ನಾಲ್ಕೇ ಹೆಜ್ಜೆಗೆ ಬೀಡಿ ಸೇದಲು ಜಾರಿಕೊಳ್ಳುತ್ತಾನೆ, ಎಲ್ಲವೂ ಅವರಿಗೆ ಗೊತ್ತು. ಮದುವೆಗೆ ಕರೆಯದಿದ್ದರೆ ಮರೆತುಬಿಡುತ್ತಾರೆ. ಸಾವಿಗೆ ಕರೆಯದಿದ್ದರೆ ಮಾತು ಬಿಡುತ್ತಾರೆ!

ಒಮ್ಮೆ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಕೊಪ್ಪದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ ಮುದುಕರೊಬ್ಬರನ್ನು ಅವರ ಊರಿಗೆ ಮುಟ್ಟಿಸುವ ಕೆಲಸ. ಜೀಪಿನ ಮುಂದೆ ಡ್ರೈವರು, ಹಿಂದೆ ನಾನು, ಭಾವ ಮತ್ತು ಬಿಳಿ ಬಟ್ಟೆ ಹೊದ್ದು ಮಲಗಿದ್ದ ಮುದುಕರು. ದಾರಿಯಲ್ಲಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿ ಭಾವ, "ನಾಲ್ಕು ಚಾ ಕೊಡು ಮಾರಾಯ" ಎಂದರು.

ಹೋಟೆಲಿನವನು ನಮ್ಮನ್ನು ಎಣಿಸಿದ. "ಮೂರೇ ಜನ ಕಾಣ್ತಿದೀರಲ್ಲ?"

"ಇನ್ನೊಬ್ರು ಒಳಗೆ ಮಲಗಿದಾರೆ."

"ಎಬ್ಬಿಸಿ, ಬಿಸಿ ಇರೋವಾಗಲೇ ಕುಡೀಲಿ."

"ಅವರು ಎದ್ರೆ ನೀನು ಮಲಗ್ತೀಯ, ಸುಮ್ನೆ ಕೊಡು" ಎಂದು ಭಾವ ನಾಲ್ಕನೇ ಲೋಟವನ್ನು ಜೀಪಿನೊಳಗೆ ಮುದುಕರ ತಲೆಯ ಹತ್ತಿರ ಇಟ್ಟರು. ಮುದುಕರು ಜೀವಮಾನವಿಡೀ ಚಾ ಬೇಡಿ ಕುಡಿದವರಂತೆ, ಕೊನೆಯ ಪ್ರಯಾಣದಲ್ಲಿ ಇವರೊಬ್ಬರನ್ನು ಬಿಟ್ಟು ನಾವು ಕುಡಿಯುವುದೇ! ಆ ಚಹಾ ಆರಿದ ಮೇಲೆ ಅದನ್ನು ರಸ್ತೆ ಬದಿಯ ಗಿಡಕ್ಕೆ ಸುರಿದರು. ನನ್ನದನ್ನೂ ಅಲ್ಲೇ ಸುರಿದೆ.

ಹೀಗೆ ಹೆಣದ ಹಿಂದೆ ಬೀಳುವ ಹುಚ್ಚು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಅವರಿಗೊಬ್ಬ ತಮ್ಮ ಇದ್ದ. ಮದುವೆಯಾಗದ, ಉದ್ದನೆಯ, ಯಾವಾಗಲೂ ಸಿಳ್ಳೆ ಹಾಕುವ ಹುಡುಗ. ಒಂದು ಆಷಾಢದಲ್ಲಿ ಭಾವ ಯಾವುದೋ ಕೆಲಸಕ್ಕೆ ಹಿನ್ನೀರಿನ ಆಚೆ ದಂಡೆಗೆ ಹೋಗಿದ್ದರು. ರಸ್ತೆಯಲ್ಲಿ ಸುತ್ತಿ ಬರಲು ಅರ್ಧ ದಿನ ಬೇಕು, ದೋಣಿಯಲ್ಲಾದರೆ ಅರ್ಧ ಗಂಟೆ. ಕಾಯಿನ್ ಬೂತಿನಿಂದ ಪಕ್ಕದ ಮನೆಗೆ ಫೋನು ಮಾಡಿ, "ತಮ್ಮನಿಗೆ ದೋಣಿ ತರಕ್ಕೆ ಹೇಳಿ" ಎಂದರು. ತಮ್ಮ ಹೊರಟ. ಗಾಳಿ ಎದ್ದಿತ್ತು. ಭಾವ ಆಚೆ ದಂಡೆಯಲ್ಲಿ ಸಂಜೆಯವರೆಗೆ ನಿಂತು, ಸೋಮಾರಿ, ಎಲ್ಲೋ ಗಾಳ ಹಾಕಿಕೊಂಡು ಕೂತಿದ್ದಾನೆ ಎಂದು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಮಾರನೆಯ ದಿನ ಮಗುಚಿದ ದೋಣಿ ಸಿಕ್ಕಿತು, ಹುಟ್ಟು ಸಿಕ್ಕಿತು, ಒಂದು ಹವಾಯಿ ಚಪ್ಪಲಿ ಸಿಕ್ಕಿತು. ಅವನು ಸಿಗಲಿಲ್ಲ. ಹಿನ್ನೀರಿನ ಅಡಿಯಲ್ಲಿ ಮುಳುಗಿದ ಕಾಡೇ ಇದೆ, ಮರದ ಬೊಡ್ಡೆಗಳ ನಡುವೆ ಸಿಕ್ಕಿಕೊಂಡದ್ದು ಮೇಲೆ ಬರುವುದಿಲ್ಲ ಎಂದು ಬಲೆ ಹಾಕಿದವರು ಕೈಚೆಲ್ಲಿದರು. ಭಾವ ಚೆಲ್ಲಲಿಲ್ಲ. ಪ್ರತಿ ಬೇಸಿಗೆಯಲ್ಲಿ ನೀರು ಇಳಿದು ಹಳೆಯ ಗದ್ದೆಯ ಬದುಗಳು, ಬಾವಿಕಟ್ಟೆಗಳು ಹೊರಗೆ ಬಂದಾಗ ಒಂದು ಕೋಲು ಹಿಡಿದು ಆ ಬಿರುಕು ಬಿಟ್ಟ ಕೆಸರಿನ ಮೇಲೆ ನಡೆಯುತ್ತಾರೆ, ಬೊಡ್ಡೆ ಬೊಡ್ಡೆ ಕೆದಕುತ್ತಾರೆ.

ಹಿರಿಯರು ಬಂದು ಬುದ್ಧಿ ಹೇಳಿದರು. ಹೆಣ ಸಿಗದವರಿಗೂ ಶಾಸ್ತ್ರದಲ್ಲಿ ದಾರಿ ಇದೆ, ಹುಲ್ಲಿನಲ್ಲಿ ಒಂದು ಆಕೃತಿ ಕಟ್ಟಿ ಸುಟ್ಟು ಕರ್ಮ ಮುಗಿಸಿಬಿಡು ಎಂದರು. "ಹುಲ್ಲು ಸುಟ್ರೆ ಹುಲ್ಲು ಸುಡ್ತದೆ ಅಷ್ಟೇ. ನನ್ನ ತಮ್ಮ ಹುಲ್ಲಲ್ಲ" ಎಂದು ಭಾವ ಎದ್ದು ಹೋದರು. ಅಲ್ಲಿಗೆ ಮಾತು ಮುಗಿಯಿತು.

ಇನ್ನು ನನ್ನ ವಿಷಯ. ಪೇಟೆಯಲ್ಲಿ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಕಂಪ್ಯೂಟರ್ ಅಂಗಡಿ ಇತ್ತು. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಮದುವೆ ಕಾರ್ಡು, ಉತ್ತರಕ್ರಿಯೆ ಕಾರ್ಡು, ಕಾಲೇಜು ಮಕ್ಕಳ ಪ್ರಾಜೆಕ್ಟು, ಎಲ್ಲ ಅದರಲ್ಲೇ. ರಿಪೇರಿಗೆ ಬಂದವನೊಬ್ಬ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡು ಕೂರಿಸಿ, ಚಿತ್ರ ಸರಿಯಾಗಿ ಬರುತ್ತದೋ ನೋಡಲು ಒಂದು ಆಟ ಹಾಕಿ, ಹಾಗೇ ಬಿಟ್ಟು ಹೋಗಿದ್ದ. ಒಂದು ಮಧ್ಯಾಹ್ನ ಬಸ್ಸು ಕಾಯಲು ಬಂದ ಭಾವ ಅದನ್ನು ನೋಡಿದರು.

ಆಟ ಇಷ್ಟೇ. ಒಬ್ಬ ವೀರ, ಅವನ ಕೈಯಲ್ಲಿ ಕೊಡಲಿ. ಊರ ನಡುವೆ ಒಂದು ಬೆಂಕಿ ಉರಿಯುತ್ತಿರುತ್ತದೆ. ಅಲ್ಲಿಂದ ಹೊರಟು ಕತ್ತಲೆ ಗವಿಗಳಿಗೆ ಇಳಿದು, ಎದುರಾದ ಅಸ್ಥಿಪಂಜರ, ಪಿಶಾಚಿ, ರಾಕ್ಷಸರನ್ನೆಲ್ಲ ಮೌಸ್ ಒತ್ತಿ ಒತ್ತಿ ಕೊಚ್ಚಬೇಕು. ಕೊಚ್ಚಿದವರ ಮೈಯಿಂದ ಕತ್ತಿ, ಕವಚ, ಉಂಗುರ ಉದುರುತ್ತವೆ. ಅವನ್ನು ಹೆಕ್ಕಿ ತೊಟ್ಟುಕೊಂಡು ಬಲಿತು, ಇನ್ನೂ ದೊಡ್ಡ ರಾಕ್ಷಸನನ್ನು ಕೊಚ್ಚಬೇಕು. ನಮ್ಮ ವೀರನೇ ಸತ್ತರೆ? ಊರ ಬೆಂಕಿಯ ಪಕ್ಕದಲ್ಲಿ ಮತ್ತೆ ಎದ್ದು ನಿಲ್ಲುತ್ತಾನೆ, ಆದರೆ ಬರಿಗೈ, ಬರಿಮೈ! ಅವನ ಸಾಮಾನೆಲ್ಲ ಗವಿಯೊಳಗೆ ಅವನ ಹೆಣದ ಮೇಲೇ ಇರುತ್ತದೆ. ಹಾಗೇ ಹೋಗಿ, ರಾಕ್ಷಸರ ನಡುವೆ ನುಗ್ಗಿ, ತನ್ನ ಹೆಣವನ್ನು ತಾನು ಮುಟ್ಟಿದರೆ ಎಲ್ಲ ವಾಪಸು.

ಇದನ್ನು ವಿವರಿಸಿದಾಗ ಭಾವ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಅಂದ್ರೆ ಹೆಣ ಎಲ್ಲಿದೆ ಅಂತ ತೋರಿಸ್ತದಾ?"

"ತೋರಿಸುತ್ತೆ ಭಾವ."

"ಹೋದ್ರೆ ಅಲ್ಲೇ ಇರ್ತದಾ?"

"ಅಲ್ಲೇ ಇರುತ್ತೆ."

"ಸರಿ, ಕಲಿಸು" ಎಂದರು. ಆ ದಿನ ಅವರ ಬಸ್ಸು ಹೋಯಿತು. ಆಮೇಲೆ ಎಷ್ಟು ಬಸ್ಸು ಹೋದವೋ, ಬಸ್ಸಿನವರಿಗೇ ಲೆಕ್ಕವಿಲ್ಲ.

ಮೊದಲ ಜಗಳ ವೀರನನ್ನು ಆರಿಸುವಾಗಲೇ ಆಯಿತು. ಸತ್ತವರನ್ನು ಮಂತ್ರ ಹಾಕಿ ಎಬ್ಬಿಸಿ ತನ್ನ ಪರವಾಗಿ ಹೊಡೆದಾಡಿಸುವ ಮಾಂತ್ರಿಕನೊಬ್ಬ ಆಟದಲ್ಲಿದ್ದ. ಸುಲಭ, ಇವನನ್ನೇ ತಗೊಳ್ಳಿ ಎಂದೆ. ಭಾವ ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ. "ಮಣ್ಣಾದೋರನ್ನ ಎಬ್ಬಿಸಿ ಗೇಯಿಸ್ತಾನಾ? ಇವನ ಮನೆ ಹಾಳಾಗ! ಬದುಕಿದ್ದಾಗ ಗೇಯ್ದದ್ದು ಸಾಲ್ದಾ ಅವರು?" ಕೊನೆಗೆ ಕೊಡಲಿ ಹಿಡಿದ, ನಮ್ಮ ಸೌದೆ ಒಡೆಯುವವರ ಹಾಗೆ ಕಾಣುವ ಒಬ್ಬನನ್ನು ಆರಿಸಿಕೊಂಡರು.

ಎರಡನೆಯದು ಇನ್ನೂ ದೊಡ್ಡ ಫಜೀತಿ. ಭಾವ ಒಂದು ಪಿಶಾಚಿಯನ್ನು ಕೊಂದರು. ಅದರ ಮೈಯಿಂದ ಫಳಫಳ ಹೊಳೆಯುವ ಕವಚ ಬಿತ್ತು. ಭಾವ ದಾಟಿಕೊಂಡು ಹೋದರು!

"ಭಾವ, ಕವಚ! ಹೆಕ್ಕಿಕೊಳ್ಳಿ!"

"ಹೆಣದ ಮೈಮೇಲಿಂದಕ್ಕೆ ಕೈ ಹಾಕಬಾರ್ದು ಮಾರಾಯ."

"ಅದು ಪಿಶಾಚಿ ಭಾವ!"

"ಬದುಕಿದ್ದಾಗ ಪಿಶಾಚಿ. ಈಗ ಹೆಣ."

ಸುತ್ತಿನ ಹಳ್ಳಿಗಳ ಎಷ್ಟೋ ಹೆಣಗಳ ಬೆರಳಿನಿಂದ ಉಂಗುರ ಬಿಚ್ಚಿ, ಎಲ್ಲರ ಎದುರಿಗೆ ಹೆಂಡತಿ ಮಕ್ಕಳ ಕೈಗೆ ಇಟ್ಟು ಬಂದ ಮನುಷ್ಯ ಅವರು. ಈಗ ಪಿಶಾಚಿಯ ಹೆಂಡತಿಯನ್ನು ಎಲ್ಲಿ ಹುಡುಕುವುದು? ಹಾಗಾಗಿ ಕೊಳ್ಳೆ ಹೊಡೆಯಲೆಂದೇ ಮಾಡಿದ ಆಟವನ್ನು ನಮ್ಮ ಭಾವ ಒಂದು ಚೂರೂ ಕೊಳ್ಳೆ ಹೊಡೆಯದೆ ಆಡತೊಡಗಿದರು. ಗೋಡೆ ಪಕ್ಕದ ಪೆಟ್ಟಿಗೆಯಲ್ಲಿ ಏನಾದರೂ ಸಿಕ್ಕರೆ ಉಂಟು, ಇಲ್ಲದಿದ್ದರೆ ಮೊದಲ ದಿನದ ಅದೇ ಮೊಂಡು ಕೊಡಲಿ, ಅದೇ ಹರಕು ತೊಗಲಂಗಿ. ಆ ವೇಷದಲ್ಲಿ ಬೆಂಕಿ ಉಗುಳುವ ರಾಕ್ಷಸರ ಎದುರಿಗೆ ಹೋದರೆ ಏನಾಗಬೇಕೋ ಅದೇ ಆಗುತ್ತಿತ್ತು. ಸಾಯುತ್ತಿದ್ದರು. ನಲವತ್ತು ಸಲದ ಗುಟ್ಟು ಇದು.

ಸತ್ತ ಮೇಲೆ ನೋಡಬೇಕು ಅವರ ಗಾಂಭೀರ್ಯ! ಬೆನ್ನು ನೆಟ್ಟಗಾಗುತ್ತಿತ್ತು. ಲುಂಗಿ ಬಿಗಿ ಮಾಡಿಕೊಳ್ಳುತ್ತಿದ್ದರು. ಬರಿಮೈಯ ವೀರ ಊರಿನಿಂದ ಓಡಿ ಗವಿಗೆ ಇಳಿದು, ಹೊಡೆತ ತಿನ್ನುತ್ತ ತಪ್ಪಿಸಿಕೊಳ್ಳುತ್ತ ತನ್ನ ಹೆಣದ ಹತ್ತಿರ ಹೋಗುವವರೆಗೆ ಅಂಗಡಿಯಲ್ಲಿ ಯಾರೂ ಮಾತಾಡುವಂತಿಲ್ಲ. ಹೆಣ ತರದೆ ಆಟ ಮುಚ್ಚಿದ್ದು ಒಂದು ದಿನವೂ ಇಲ್ಲ. ಲೋಡ್ ಶೆಡ್ಡಿಂಗ್ ಸಮಯವನ್ನು ಬಾಯಿಪಾಠ ಮಾಡಿಕೊಂಡಿದ್ದರು. ಹೇಳದೆ ಕೇಳದೆ ಕರೆಂಟು ಹೋದರೂ ಯುಪಿಎಸ್ ಕಿರುಚಿಕೊಳ್ಳುವ ಹತ್ತು ನಿಮಿಷದೊಳಗೆ ಹೇಗೋ ನುಗ್ಗಿ ತಂದುಬಿಡುತ್ತಿದ್ದರು.

ಒಂದು ದಿನ ಒಬ್ಬ ದೊಡ್ಡ ಮನುಷ್ಯರು ಮಗಳ ಮದುವೆ ಕಾರ್ಡಿಗೆ ಬಂದಿದ್ದರು. ಅಕ್ಷರದ ಬಣ್ಣ ಕೆಂಪೋ ಬಂಗಾರವೋ ಎಂದು ಮಾತಾಡುತ್ತಿದ್ದಾಗ ಒಳಗಿನ ಕಂಪ್ಯೂಟರಿನಿಂದ ಭಾವನ ಕೂಗು. "ಹೆಣ ಸಿಕ್ತು! ಹೆಣ ಸಿಕ್ತು ಮಾರಾಯ!" ಅವರು ಬರೆದು ತಂದಿದ್ದ ಚೀಟಿ ಕಿತ್ತುಕೊಂಡು ಮೆಟ್ಟಿಲು ಇಳಿದವರು ತಿರುಗಿ ನೋಡಲಿಲ್ಲ. ಆದರೆ ವರ್ಷದೊಳಗೆ ಅವರ ತಾಯಿ ತೀರಿಕೊಂಡಾಗ ಉತ್ತರಕ್ರಿಯೆ ಕಾರ್ಡಿಗೆ ನಮ್ಮಲ್ಲಿಗೇ ಬಂದರು. "ಇದಕ್ಕಾದ್ರೆ ನಿಮ್ಮ ಅಂಗಡೀನೇ ಸರಿ" ಎಂದರು. ನಾನು ಇದನ್ನು ಹೊಗಳಿಕೆ ಎಂದೇ ತಿಳಿದುಕೊಂಡೆ, ಹೊಟ್ಟೆಪಾಡು ನೋಡಿ.

ಮನೆಯಲ್ಲಿ ಅಕ್ಕನ ಗೋಳು ಬೇರೆ. ಸಾವಿನ ಮನೆಯಿಂದ ಬಂದವರು ಒಳಗೆ ಕಾಲಿಡುವ ಮೊದಲು ಅಂಗಳದಲ್ಲಿ ತಲೆಗೆ ನೀರು ಹೊಯ್ಯಿಸಿಕೊಳ್ಳಬೇಕಲ್ಲ? ಭಾವ ಅಂಗಡಿಯಿಂದ ಬಂದೂ ಅಂಗಳದಲ್ಲಿ ನಿಲ್ಲತೊಡಗಿದರು. ಮೊದಲ ದಿನ ಅಕ್ಕ ಗಾಬರಿಯಿಂದ ಚೊಂಬು ಹಿಡಿದು ಓಡಿ ಬಂದಳಂತೆ.

"ಅಯ್ಯೋ, ಯಾರು ಹೋದ್ರು?"

"ನಾನೇ" ಎಂದರಂತೆ ಭಾವ.

ಆ ಮೇಲೆ ಅದೇ ಪಾಠ. ನೀರು ಹೊಯ್ಯುತ್ತ ಅಕ್ಕ, "ಯಾರು ಹೋದ್ರು ಇವತ್ತು?" ಎನ್ನುವುದು, ಇವರು "ನಾನೇ" ಎನ್ನುವುದು. "ವಾರಕ್ಕೆ ಮೂರು ಸಲ ವಿಧವೆ ಆಗ್ತಿದೀನಿ ಕಣೋ, ನಿನ್ನ ಅಂಗಡಿಗೆ ಬೆಂಕಿ ಬೀಳ" ಎಂದು ನನಗೆ ಬೈದಳು. ಬೈದರೂ ಆ ಆಟ ಅವಳಿಗೆ ಒಳಗೊಳಗೇ ಬೇಕಾಗಿತ್ತು ಎಂದು ನನ್ನ ಗುಮಾನಿ. ತಮ್ಮ ಹೋದ ಮೇಲೆ ಭಾವ ಮನೆಯಲ್ಲಿ ತಮಾಷೆಯ ಮಾತು ಆಡಿದ್ದು ಅದೊಂದೇ.

ಇಷ್ಟರ ನಡುವೆ ಒಬ್ಬರು ಮಾತ್ರ ನಗುತ್ತಿರಲಿಲ್ಲ. ಭಾವನ ತಾಯಿ. ಅವರನ್ನು ನಾನೂ ಅಮ್ಮ ಎಂದೇ ಕರೆಯುವುದು. ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಬರುತ್ತದೆ. ಸತ್ತವರಿಗೆ ಹೆಸರು ಹೇಳಿ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ ಎಡೆ ಇಡುವ ಹಬ್ಬ. ಅತ್ತೆ, ಮಾವ, ಗಂಡ, ಎಳೆಯದರಲ್ಲೇ ಹೋದ ಒಬ್ಬ ಮಗಳು ಸೇರಿ ಅಮ್ಮ ನಾಲ್ಕು ಎಲೆ ಹಾಕುತ್ತಿದ್ದರು. ಕಿರಿಯ ಮಗನಿಗೆ ಎಲೆ ಇಲ್ಲ. ಕರ್ಮ ಆಗದವನಿಗೆ ಎಡೆ ಇಡುವುದು ಹೇಗೆ? ಆದರೂ ಅವನಿಗೆ ಪ್ರಾಣವಾಗಿದ್ದ ಕಡುಬು, ಕೋಳಿಸಾರು ಮಾಡಿ ಒಲೆಯ ಮೇಲೇ ಮುಚ್ಚಿಡುತ್ತಿದ್ದರು. ಯಾರಿಗೆ ಅಮ್ಮ ಎಂದು ಒಮ್ಮೆ ಕೇಳಿದೆ, ಕೇಳಬಾರದಿತ್ತು.

"ಸತ್ತ ಅಂತ ಅಳೋ ಹಂಗಿಲ್ಲ, ಬತ್ತಾನೆ ಅಂತ ಕಾಯೋ ಹಂಗಿಲ್ಲ" ಎಂದರು. "ನಾನು ಕಣ್ಣು ಮುಚ್ಚೋದ್ರೊಳಗೆ ಅವನಿಗೊಂದು ಎಲೆ ಹಾಕ್ಬೇಕು ಮಗ. ದೊಡ್ಡೋನು ನಿನ್ನ ಅಂಗಡಿಗೆ ಬತ್ತಾನಲ್ಲ, ನೀನಾದ್ರೂ ಹೇಳು ಅವನಿಗೆ."

ನಾನು ಹೇಳಿದೆ. ಅಂದರೆ, ಹೇಳಲು ಹೋದೆ. ಭಾವ ಗವಿಯೊಳಗೆ ಹೆಣ ಹುಡುಕುತ್ತಿದ್ದಾಗ ಪಕ್ಕದಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, "ಭಾವ, ಅಮ್ಮ ಏನು ಹೇಳಿದರು ಅಂದರೆ..." ಎಂದೆ.

"ಒಂದ್ನಿಮಿಷ ತಡಿ, ಇವನನ್ನ ಇಲ್ಲೇ ಬಿಟ್ಟು ಮಾತಾಡ್ತಾ ಕೂರಕ್ಕಾಗ್ತದಾ?"

ನಾನು ತಡೆದೆ. ಹೆಣ ಸಿಕ್ಕಿತು. ಅವರ ಮುಖದಲ್ಲಿ ಎಂಥ ನೆಮ್ಮದಿ ಬಂತೆಂದರೆ, ಅದನ್ನು ಕೆಡಿಸುವ ಧೈರ್ಯ ನನಗೆ ಬರಲಿಲ್ಲ. ಚಹಾ ತರಿಸಿದೆ. ನಾನು ಇಂಥ ವೀರ!

ಆಮೇಲಿನ ವರ್ಷ, ಅಮಾವಾಸ್ಯೆಗೆ ಇನ್ನೂ ಮೂರು ವಾರ ಇರುವಾಗ, ಭಾವನ ವೀರ ನೀರು ತುಂಬಿದ ಒಂದು ಗವಿಗೆ ಇಳಿದಿದ್ದ. ಮೊಣಕಾಲುದ್ದ ಕಪ್ಪು ನೀರು, ಅದರಿಂದ ಎದ್ದು ಎದ್ದು ಬರುವ ರಾಕ್ಷಸರು. ಇಳಿದವನು ಸತ್ತ. ಬರಿಮೈಯಲ್ಲಿ ಹೋದ, ಮತ್ತೆ ಸತ್ತ. ಮೂರನೆಯ ಸಲ ಹೊರಟು ಅರ್ಧ ದಾರಿಯಲ್ಲಿ ಇರುವಾಗ ಕರೆಂಟು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಹಿಂದಿನ ವಾರವೇ ಕೆಟ್ಟಿತ್ತು, ನಾನು ಇವತ್ತು ನಾಳೆ ಎನ್ನುತ್ತ ಬದಲಾಯಿಸಿರಲಿಲ್ಲ. ಅದು ಒಂದೇ ಸಲ ಕಿರುಚಿ ಸುಮ್ಮನಾಯಿತು. ಪರದೆ ಕಪ್ಪಾಯಿತು.

ಭಾವ ಆ ಕಪ್ಪು ಗಾಜನ್ನೇ ನೋಡುತ್ತ ಕೂತರು. "ಅಲ್ಲೇ ಉಳೀತಲ್ಲೋ" ಎಂದರು. "ನೀರಲ್ಲೇ ಉಳೀತು."

ಆಟ ಭಾವ, ಬರಿ ಆಟ ಎಂದು ಹೇಳಲು ಬಾಯಿ ತೆರೆದವನು ಅವರ ಕೈ ನೋಡಿ ಮುಚ್ಚಿದೆ. ಅದು ಮೌಸನ್ನು ಇನ್ನೂ ಒತ್ತುತ್ತಲೇ ಇತ್ತು.

ಎಲ್ಲೋ ಲೈನಿನ ಮೇಲೆ ಮರ ಬಿದ್ದಿತ್ತು. ನಮ್ಮ ಕಡೆ ಮರ ಬಿದ್ದರೆ ಅದು ಎದ್ದು ಹೋಗಲು ತನಗೆ ಬೇಕಾದಷ್ಟು ದಿನ ತೆಗೆದುಕೊಳ್ಳುತ್ತದೆ. ಮಾರನೆಯ ದಿನ ಭಾವ ಮೊದಲ ಬಸ್ಸಿಗೆ ಬಂದು ಸತ್ತ ಕಂಪ್ಯೂಟರಿನ ಮುಂದೆ ಕೂತರು, ಸಂಜೆ ಹೋದರು. ಅದರ ಮಾರನೆಯ ದಿನವೂ ಬಂದರು. ಲೈನ್‌ಮ್ಯಾನ್‌ನನ್ನು ಹುಡುಕಿಕೊಂಡು ಹೋಗಿ, "ಯಾವಾಗ ಬತ್ತದೆ ಮಾರಾಯ, ಒಂದು ಹೆಣ ಬಾಕಿ ಇದೆ" ಎಂದರಂತೆ. ಅವನು ಹೆದರಿ, ಯಾರ ಮನೆಯಲ್ಲಿ ಎಂದು ನನ್ನನ್ನು ಕೇಳಲು ಬಂದ! ಇನ್ನೊಂದು ದಿನವಾಗಿದ್ದರೆ ನಕ್ಕು ಬಿದ್ದುಬಿಡುತ್ತಿದ್ದೆ. ಆ ಎರಡು ದಿನವೂ ಮನೆಗೆ ಹೋದವರು ಊಟ ಮಾಡಲಿಲ್ಲ ಎಂದು ಅಕ್ಕ ಹೇಳಿ ಕಳಿಸಿದ್ದಳು.

ಮೂರನೆಯ ದಿನ ಮಧ್ಯಾಹ್ನ ಫ್ಯಾನು ತಿರುಗಿತು. ಕಂಪ್ಯೂಟರು ಹಾಕಿದೆ. ಅದು ತನ್ನ ನೀಲಿ ಪರದೆಯಲ್ಲಿ ಏನೇನೋ ತಪಾಸಣೆ ಮಾಡಿಕೊಂಡಿತು. ಆಟ ತೆರೆಯಿತು. ಊರ ನಡುವಿನ ಬೆಂಕಿ ಉರಿಯುತ್ತಿತ್ತು. ಪಕ್ಕದಲ್ಲಿ ಬರಿಮೈಯ ವೀರ ನಿಂತಿದ್ದ. ಅವನ ಕಾಲ ಬುಡದಲ್ಲಿ, ಬೆಂಕಿಯ ಬೆಳಕಿನಲ್ಲಿ, ಅವನ ಹೆಣ ಮಲಗಿತ್ತು. ಅದೇ ಹರಕು ತೊಗಲಂಗಿ, ಅದೇ ಮೊಂಡು ಕೊಡಲಿ.

ನನಗೂ ಆಶ್ಚರ್ಯ. ಹೆಣ ತರದೆ ಆಟ ಮುಚ್ಚಿಹೋದರೆ ಮುಂದಿನ ಸಲ ಅದು ತಾನಾಗಿಯೇ ಊರಿಗೆ ಬಂದಿರುತ್ತದೆ. ಆಟ ಮಾಡಿದವರು ಹಾಗೆ ಇಟ್ಟಿದ್ದರು. ನಲವತ್ತು ಸಲ ರಾಕ್ಷಸರ ಬಾಯಿಗೆ ಬಿದ್ದು ತಂದವರಿಗೆ ಇದು ಗೊತ್ತಾಗಿರಲಿಲ್ಲ, ಏಕೆಂದರೆ ಒಂದು ಸಲವೂ ಬಿಟ್ಟು ಬಂದಿರಲಿಲ್ಲ.

"ಯಾರು ತಂದ್ರು?" ಎಂದರು ಭಾವ.

"ಯಾರೂ ಇಲ್ಲ ಭಾವ. ಅದೇ ಬಂದಿದೆ."

"ನಾವು ಹೋಗ್ದೇನೂ ಬತ್ತದಾ?"

"ನಮ್ಮ ಕೈಯಲ್ಲಿ ಆಗದೆ ಹೋದರೆ ಬರುತ್ತೆ ಅಂತ ಕಾಣುತ್ತೆ."

ಭಾವ ಮೌಸನ್ನು ಬದಿಗೆ ಸರಿಸಿದರು. ರಸ್ತೆಯಲ್ಲಿ ಅವರ ಬಸ್ಸು ಹಾರ್ನ್ ಹೊಡೆದು ಹೊರಟಿತು. ಆ ಮೇಲೆ, ಪರದೆಯಿಂದ ಕಣ್ಣು ತೆಗೆಯದೆ, "ಆ ಹುಲ್ಲಿಂದು ಮಾಡ್ತಾರಲ್ಲ," ಎಂದರು, "ಎಷ್ಟುದ್ದ ಕಟ್ಬೇಕಂತೆ?"

"ಆಳುದ್ದ ಇದ್ದರೆ ಸಾಕೇನೋ ಭಾವ."

"ಸಾಲಲ್ಲ. ಅವನು ನನಗಿಂತ ನಾಲ್ಕು ಬೆರಳು ಎತ್ತರ ಇದ್ದ."

ಇಷ್ಟು ಹೇಳಿ ಭಾವ ಅತ್ತರು. ನನ್ನ ಅಂಗಡಿಯಲ್ಲಿ, ಅರ್ಧ ಅಚ್ಚಾದ ಮದುವೆ ಕಾರ್ಡುಗಳ ಪಕ್ಕದಲ್ಲಿ, ಎಷ್ಟೋ ವರ್ಷದಿಂದ ತಡೆದಿಟ್ಟುಕೊಂಡಿದ್ದನ್ನೆಲ್ಲ ಅತ್ತರು. ನಾನೂ ಅತ್ತೆ, ನಾಚಿಕೆ ಏನಿಲ್ಲ.

ಅಂದಿನಿಂದ ಭಾವ ಆಟ ಬಿಟ್ಟರು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಸುಳ್ಳು. ತಿಂಗಳು ಕಳೆದು ಬಂದು, ಹೊಳೆಯುವ ಕವಚ ದಾಟಿಕೊಂಡು ಹೋಗಿ, ಎಂದಿನಂತೆ ಸತ್ತರು. ಅಮಾವಾಸ್ಯೆಗೆ ಅಮ್ಮ ನಾಲ್ಕರ ಪಕ್ಕ ಐದನೆಯ ಎಲೆ ಹಾಕಿ, ಕಡುಬನ್ನು ಒಲೆಯ ಮೇಲಿಂದ ಇಳಿಸಿ ಬಡಿಸಿದ್ದನ್ನೂ ನಾನು ಕಂಡೆ. ಆದರೆ ನನಗೆ ಮರೆಯಲಾಗದ್ದು ಅದಕ್ಕೂ ಮೊದಲಿನ ಒಂದು ಮಧ್ಯಾಹ್ನ.

ಹುಲ್ಲನ್ನು ಭಾವನೇ ಕೊಯ್ದರು, ಭಾವನೇ ಕಟ್ಟಿದರು. ಅದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ತಲೆಯ ಮೇಲೆ ನಾಲ್ಕು ಬೆರಳು ಇಟ್ಟು ಅಳೆದರು. ಸಿಕ್ಕಿದ್ದ ಆ ಒಂದು ಹವಾಯಿ ಚಪ್ಪಲಿಯನ್ನು ಪಕ್ಕದಲ್ಲಿಟ್ಟರು. ಊರವರೆಲ್ಲ ಹೆಗಲು ಕೊಟ್ಟೆವು, ಯಾವ ಅಳಿಯನೂ ಜಾರಿಕೊಳ್ಳಲಿಲ್ಲ. ಹಿನ್ನೀರಿನ ದಂಡೆಯಲ್ಲಿ ಸುಟ್ಟು ಬಂದು ಭಾವ ಅಂಗಳದಲ್ಲಿ ನಿಂತರು. ಅಕ್ಕ ಚೊಂಬು ತಂದಳು. ಪ್ರತಿ ಸಲ ತಪ್ಪದೆ ಕೇಳುತ್ತಿದ್ದವಳು ಆ ದಿನ ಏನೂ ಕೇಳದೆ ತಲೆಯ ಮೇಲೆ ನೀರು ಹೊಯ್ದಳು.

ಭಾವನೇ ಹೇಳಿದರು.

"ತಮ್ಮ ಹೋದ ಕಣೇ."